ಸ್ಯಾಂ-ಸಿರ್-ಲಾಪೋಪಿ ಸುತ್ತಮುತ್ತ ನಡೆಯಲು ದಾರಿ: ಜೊತೆಗೆ ಅಪ್ಪ-ಅಮ್ಮ, ಕಾರಿಲ್ಲ

ತೂಲೂಸ್‌ವಾಸಿ
ಜೂನ್ ಮೊದಲ ವಾರ ಅಪ್ಪ-ಅಮ್ಮ ತುಮಕೂರಿನಿಂದ ಬರುತ್ತಿದ್ದಾರೆ. ಪ್ಯಾರಿಸ್ಸು, ಐಫೆಲ್ ಟವರ್ರು ಎಲ್ಲ ಹೋದ ಸಲವೇ ಮುಗಿಯಿತು. ಈ ಸಲ ಅಪ್ಪನದ್ದು ಒಂದೇ ಹಟ: "ಹಳ್ಳಿ ಕಡೆ ಕರ್ಕೊಂಡು ಹೋಗು, ನಡೆಯೋಣ." ಅಪ್ಪ ರಿಟೈರ್ ಆದ ಮೇಲೆ ದಿನಾ ಬೆಳಿಗ್ಗೆ ಕೆರೆ ಏರಿ ಮೇಲೆ ನಡೆಯುವವರು, ಅವರ ಚಿಂತೆ ಇಲ್ಲ. ಅಮ್ಮನಿಗೆ ಮಂಡಿ ನೋವು. ಹತ್ತುವುದು ಹೇಗೋ ಆಗುತ್ತೆ, ಇಳಿಯುವುದು ಕಷ್ಟ.

ಫ್ರಾನ್ಸಿನಲ್ಲಿ ನಾನಿರುವ ತೂಲೂಸ್‌ಗೆ ಉತ್ತರಕ್ಕಿರುವ ಸ್ಯಾಂ-ಸಿರ್-ಲಾಪೋಪಿ ಅನ್ನುವ ಹಳ್ಳಿ ಚೆನ್ನಾಗಿದೆ ಅಂತ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ಅವರೆಲ್ಲ ಕಾರಿನಲ್ಲಿ ಹೋಗಿ, ಐಸ್‌ಕ್ರೀಮ್ ತಿಂದು, ಫೋಟೋ ತೆಗೆದು ಬಂದವರು. ಎರಡು ರಾತ್ರಿ ಉಳಿದು ಸುತ್ತ ನಡೆಯಬೇಕು ಅಂದರೆ ಯಾವ ದಾರಿ? ಬಸ್ಸು ಇದೆಯಾ? ಹೊಲ-ತೋಟದ ನಡುವೆ ಸುಮ್ನೆ ನುಗ್ಗಬಹುದಾ? ನಾವು ಮೂರೂ ಜನ ಸಸ್ಯಾಹಾರಿಗಳು, ಮೊಟ್ಟೆ ಪರವಾಗಿಲ್ಲ.

ಬರೀ ಓದುಗ
ಎರಡು ರಾತ್ರಿ ಯಾಕೆ? ಊರು ಪೂರ್ತಿ ಒಂದು ಗಂಟೆಯಲ್ಲಿ ಮುಗಿಯುತ್ತೆ.

ಹೊಳೆದಂಡೆ
ಒಂದು ಗಂಟೆಯಲ್ಲಿ ಮುಗಿಯುವುದು ಅಂಗಡಿ ಬೀದಿ. ಊರು ಅಲ್ಲ.

ತೂಲೂಸ್‌ವಾಸಿ, ನೀವು ಕೇಳಿದ್ದೇ ಸರಿಯಾದ ಪ್ರಶ್ನೆ. 2012ರಲ್ಲಿ ಟಿವಿ ಕಾರ್ಯಕ್ರಮದಲ್ಲಿ ಫ್ರೆಂಚರ ಅಚ್ಚುಮೆಚ್ಚಿನ ಹಳ್ಳಿ ಅಂತ ಅದು ಗೆದ್ದ ಮೇಲೆ ಮಧ್ಯಾಹ್ನದ ಹೊತ್ತು ಜನಜಾತ್ರೆ. ಆದರೆ ಬಂದವರೆಲ್ಲ ಮೇಲಿನ ಪಾರ್ಕಿಂಗ್‌ನಿಂದ ಕೋಟೆಯ ಬಂಡೆವರೆಗೆ ಹೋಗಿ ತಿರುಗುತ್ತಾರೆ. ಕೆಳಗೆ ಲಾಟ್ ನದಿ ಕಡೆ ಇಳಿಯುವವರು ಕಡಿಮೆ.

ನಿಮ್ಮ ಅಮ್ಮನಿಗೆ ಹೇಳಿ ಮಾಡಿಸಿದ ದಾರಿ ಒಂದಿದೆ. ಬೂಝಿಯೆಸ್ ಅನ್ನುವ ಪುಟ್ಟ ಊರಿನಿಂದ ನದಿ ಪಕ್ಕದಲ್ಲೇ ಸ್ಯಾಂ-ಸಿರ್ ಕಡೆಗೆ ಬರುವ ಹಳೆಯ ದಾರಿ. ಹಿಂದೆ ಸರಕು ದೋಣಿಗಳನ್ನು ಹೊಳೆಯ ಎದುರು ಹಗ್ಗ ಕಟ್ಟಿ ದಂಡೆಯಿಂದ ಎಳೆಯುತ್ತಿದ್ದರು. ಆ ಎಳೆಯುವವರಿಗೆ ಕಾಲಿಡಲು ಜಾಗವೇ ಇರಲಿಲ್ಲ, ಬಂಡೆ ನೇರ ನೀರಿಗೆ ಇಳಿಯುತ್ತೆ. ಹಾಗಾಗಿ 19ನೇ ಶತಮಾನದಲ್ಲಿ ಸುಣ್ಣಕಲ್ಲಿನ ಬಂಡೆಯನ್ನೇ ಕಡಿದು ದಾರಿ ಮಾಡಿದರು. ಒಂದು ಕಡೆ ಗೋಡೆ, ತಲೆ ಮೇಲೆ ಕಲ್ಲಿನ ಸೂರು, ಇನ್ನೊಂದು ಕಡೆ ನೀರು. ಬೇಸಿಗೆಯಲ್ಲೂ ಆ ಸೂರಿನ ಕೆಳಗೆ ತಂಪು. ಕೈಯಿಟ್ಟು ನೋಡಿ, ಉಳಿ ಏಟಿನ ಸಾಲು ಬೆರಳಿಗೆ ಸಿಗುತ್ತೆ. ಅದೇ ಗೋಡೆಯ ಒಂದು ಭಾಗದಲ್ಲಿ ಡ್ಯಾನಿಯಲ್ ಮೊನಿಯೆ ಅನ್ನುವ ಶಿಲ್ಪಿ ಉಬ್ಬುಚಿತ್ರ ಕೆತ್ತಿದ್ದಾನೆ. ಚಿಪ್ಪು, ಮೀನು, ಅಲೆ ಎಲ್ಲ ಕಲ್ಲಿನಿಂದಲೇ ಎದ್ದು ಬಂದ ಹಾಗಿದೆ.

ದಾರಿ ಸಮತಟ್ಟು. ಅಮ್ಮ ಬೂಝಿಯೆಸ್‌ನಿಂದ ಕೆತ್ತನೆವರೆಗೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಬರಲಿ. ಅಪ್ಪ ಮುಂದೆ ನಡೆದು ಊರಿಗೆ ಹತ್ತಲಿ. ಒಟ್ಟು ನಾಲ್ಕು ಕಿಲೋಮೀಟರಿನ ಆಸುಪಾಸು, ಕಷ್ಟ ಇರುವುದು ಕೊನೆಯ ಏರಿನಲ್ಲಿ ಮಾತ್ರ.

ನಕ್ಷೆಹುಚ್ಚ
ಮೇಲಿನದಕ್ಕೆ ಒಂದು ಮಾತು ಸೇರಿಸಿ: ಹೋಗುವ ಹಿಂದಿನ ದಿನ ಪ್ರವಾಸಿ ಕಚೇರಿಯಲ್ಲಿ ದಾರಿ ತೆರೆದಿದೆಯಾ ಅಂತ ಕೇಳಿ. ಬಂಡೆ ಕೆಳಗಿನ ದಾರಿ, ಮಳೆ ಜಾಸ್ತಿ ಬಂದಾಗ ಕಲ್ಲು ಬೀಳುವ ಭಯಕ್ಕೆ ಇಂಥ ಕಡೆ ಮುಚ್ಚುವುದುಂಟು.

ಚಾರಣಪ್ರಿಯ
ಇಷ್ಟು ದೂರ ಬಂದು ನಾಲ್ಕು ಕಿಲೋಮೀಟರಾ? ಅಪ್ಪನಿಗೆ ಜಿಆರ್, ಅಂದರೆ ಗುರುತು ಹಾಕಿದ ದೂರದ ನಡಿಗೆ ದಾರಿ, ತೋರಿಸಿ ಸಾರ್. ಜಿಆರ್ 65, ಲೆ ಪ್ವಿ ಊರಿನಿಂದ ಸ್ಪೇನಿನ ಸಾಂತಿಯಾಗೋ ಕಡೆ ಹೋಗುವ ಯಾತ್ರೆಯ ದಾರಿ, ಅದು ಸ್ಯಾಂ-ಸಿರ್ ಮೇಲೆಯೇ ಹೋಗುತ್ತೆ. ಯುನೆಸ್ಕೋ ಪಟ್ಟಿಯಲ್ಲಿದೆ. ಎರಡು ದಿನ ಅದನ್ನೇ ಹಿಡಿದು ಹೋಗಿ.

ನಕ್ಷೆಹುಚ್ಚ
ಹೋಗಲ್ಲ ಗುರೂ. ಜಿಆರ್ 65 ಫಿಜಾಕ್‌ನಿಂದ ಕಜಾರ್ಕ್, ಲಿಮೋಞ್ ಮೇಲೆ ದಕ್ಷಿಣದಲ್ಲೇ ಬಂದು ಕಾಓರ್ ಸೇರುತ್ತೆ. ಸ್ಯಾಂ-ಸಿರ್‌ನಲ್ಲಿ ಸಿಗುವುದು ಜಿಆರ್ 36. ಇನ್ನೊಂದು ಜಿಆರ್ 651 ಅಂತ, 65ರ ಕವಲು. ಅದು ಸೆಲೆ ನದಿ ಕಣಿವೆಯಲ್ಲಿ ಇಳಿದು ಕಾಬ್ರೆರೆ ಮೇಲೆ ಬಂದು ಬೂಝಿಯೆಸ್‌ನಲ್ಲಿ 36ಕ್ಕೆ ಕೂಡುತ್ತೆ. ಯಾತ್ರಿಗಳಲ್ಲಿ ಗುಂಪು ಬೇಡ ಅನ್ನುವವರು ಈ ಕಣಿವೆ ಹಿಡಿಯುತ್ತಾರೆ.

ಯುನೆಸ್ಕೋ ವಿಷಯಕ್ಕೂ ಒಂದು ಮಾತು. 1998ರಲ್ಲಿ ಪಟ್ಟಿಗೆ ಸೇರಿದ್ದು ಇಡೀ 65 ಅಲ್ಲ, ಅದರ ಏಳು ತುಂಡುಗಳು ಮಾತ್ರ.

ಚಾರಣಪ್ರಿಯ
ನಂಬರ್ ಯಾವುದಾದರೇನು, ದಾರಿ ಉದ್ದ ಇದ್ದರೆ ಸರಿ. ಪಾಯಿಂಟು ಅದು.

ಲಿಯಾನಿನ ಅಕ್ಕ
ಪಾಯಿಂಟು ಅದಲ್ಲ ಕಣಪ್ಪಾ. ಜಿಆರ್ ಅಂದರೆ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುತ್ತಲೇ ಇರುವ ದಾರಿ. ಸಂಜೆ ಎಲ್ಲೋ ಇರುತ್ತೀರಿ, ಸಾಮಾನು ಇನ್ನೆಲ್ಲೋ. ವಯಸ್ಸಾದವರ ಜೊತೆ ಒಂದೇ ಕಡೆ ಉಳಿಯುವವರಿಗೆ ಬೇಕಾದದ್ದು ಪಿಆರ್. ಊರ ಚೌಕದಿಂದ ಹೊರಟು ಸುತ್ತಿಕೊಂಡು ಅಲ್ಲಿಗೇ ಬರುವ ಸಣ್ಣ ದಾರಿಗಳು. ನನ್ನ ಕೇಳಿದರೆ ಫ್ರಾನ್ಸಿನ ಹಳ್ಳಿ ಕಾಣುವುದೇ ಇವುಗಳಲ್ಲಿ. ದೊಡ್ಡ ಹೆಸರಿನ ದಾರಿಯಲ್ಲಿ ಎದುರು ಬರುವವರೆಲ್ಲ ನಮ್ಮ ಹಾಗೆ ಹೊರಗಿನವರೇ. ಪಿಆರ್‌ನಲ್ಲಿ ನಾಯಿ ಕರ್ಕೊಂಡು ಬರುವ ಅಜ್ಜಿ ಸಿಗುತ್ತಾಳೆ, ಬೇಲಿ ಕಟ್ಟುವ ರೈತ ಸಿಗುತ್ತಾನೆ.

ಗುರುತು ನೆನಪಿಡಿ. ಮೇಲೆ ಬಿಳಿ, ಕೆಳಗೆ ಕೆಂಪು ಪಟ್ಟಿ ಇದ್ದರೆ ಜಿಆರ್. ಮೇಲೆ ಹಳದಿ, ಕೆಳಗೆ ಕೆಂಪು ಇದ್ದರೆ ಒಂದು ಸೀಮೆ ಸುತ್ತುವ ದೊಡ್ಡ ದಾರಿ. ಬರೀ ಹಳದಿ ಪಟ್ಟಿ ಪಿಆರ್. ಅದೇ ಬಣ್ಣದಲ್ಲಿ ಅಡ್ಡಡ್ಡ ಗುಣಿಸು ಚಿಹ್ನೆ ಕಂಡರೆ "ಈ ಕಡೆ ಅಲ್ಲ" ಅಂತ. ಪಟ್ಟಿಯ ಕೆಳಗೆ ಬಾಗಿದ ಬಾಣ ಇದ್ದರೆ ತಿರುವು. ಮರ, ಗೋಡೆ, ಕರೆಂಟ್ ಕಂಬ, ಕಲ್ಲು, ಎಲ್ಲಿ ಬೇಕಾದರೂ ಹೊಡೆದಿರುತ್ತಾರೆ. ತುಂಬಾ ಹೊತ್ತು ಗುರುತೇ ಕಾಣಲಿಲ್ಲ ಅಂದರೆ ಮುಂದೆ ಹೋಗಬೇಡಿ, ಕೊನೆಯ ಗುರುತಿಗೆ ವಾಪಸ್ ಬನ್ನಿ.

ಕುಂದಾಪ್ರದ ಮಾಣಿ
ಈ ಬಣ್ಣ ಹೊಡೆಯುವವರು ಯಾರು ಮಾರಾಯ್ರೇ? ಸರ್ಕಾರವಾ?

ನಕ್ಷೆಹುಚ್ಚ
ಹೆಚ್ಚಿನ ಕಡೆ ಸ್ವಯಂಸೇವಕರು. ನಡಿಗೆಯವರ ಒಂದು ರಾಷ್ಟ್ರೀಯ ಒಕ್ಕೂಟ ಇದೆ, ಅದರ ಊರೂರಿನ ಸದಸ್ಯರು ಬ್ರಷ್ಷು, ಬಣ್ಣದ ಡಬ್ಬಿ, ಕತ್ತರಿ ಹಿಡಿದು ಹೋಗುತ್ತಾರೆ. ಜಿಆರ್, ಪಿಆರ್ ಅನ್ನುವ ಹೆಸರುಗಳೇ ಒಕ್ಕೂಟದ ನೋಂದಾಯಿತ ಗುರುತು. ಮೊದಲ ಜಿಆರ್ ತುಂಡಿಗೆ ಬಣ್ಣ ಬಿದ್ದದ್ದು 1947ರಲ್ಲಿ, ಓರ್ಲಿಯಾಂ ಹತ್ತಿರ ಲ್ವಾರ್ ನದಿ ದಂಡೆಯಲ್ಲಿ.

ಬರೀ ಓದುಗ
ಫೋನಿನಲ್ಲಿ ಆ್ಯಪ್ ಇರುವಾಗ ಬಣ್ಣ ನೋಡಿಕೊಂಡು ಹೋಗೋದು ಯಾಕೋ.

ನಕ್ಷೆಹುಚ್ಚ
ಅಲ್ಲಿ ಕಣಿವೆಯೊಳಗೆ ನೆಟ್‌ವರ್ಕ್ ಎಷ್ಟೋ ಕಡೆ ಇಲ್ಲ, ಅದಕ್ಕೆ. ಆ್ಯಪ್ ಬೇಡ ಅನ್ನುತ್ತಿಲ್ಲ, ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಜೊತೆಗೆ ಸರ್ಕಾರಿ ನಕ್ಷೆ ಸಂಸ್ಥೆ ಐಜಿಎನ್‌ನ ಕಾಗದದ ನಕ್ಷೆ ಒಂದು ಕೊಳ್ಳಿ, 1:25,000ದ್ದು. ನಾಲ್ಕು ಸೆಂಟಿಮೀಟರ್ ಅಂದರೆ ಒಂದು ಕಿಲೋಮೀಟರ್. ಕಲ್ಲುಗೋಡೆ, ಬಾವಿ, ಪಾಳುಗುಡಿಸಲು ಕೂಡ ಗುರುತು ಹಾಕಿರುತ್ತಾರೆ. ಗೂಗಲ್ ನಕ್ಷೆ ಈ ಕಾಲುದಾರಿಗಳಿಗೆ ಸಾಲುವುದಿಲ್ಲ, ಟಾರು ರಸ್ತೆಗೆ ತಳ್ಳಿಬಿಡುತ್ತೆ.

ಕೈಮರದಲ್ಲಿ ಬರೆದ ಸಮಯ ನಂಬಿ ಬಸ್ಸಿಗೆ ಲೆಕ್ಕ ಹಾಕಬೇಡಿ. ಅದು ಗಂಟೆಗೆ ಸುಮಾರು 4 ಕಿ.ಮೀ. ಲೆಕ್ಕ, ನಿಲ್ಲದೆ ನಡೆದರೆ. ಫೋಟೋ, ನೀರು, ಅಮ್ಮ ಕೂರುವುದು, ಅಪ್ಪ ಗಿಡ ನೋಡುವುದು ಯಾವುದೂ ಅದರಲ್ಲಿ ಇಲ್ಲ.

ಸಕಲೇಶಪುರದವ
ಹೊಲದಲ್ಲಿ ನುಗ್ಗುವ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಮ್ಮ ಕಡೆ ಎಸ್ಟೇಟ್ ಒಳಗೆ ಹೋಗುವ ಹಳೇ ದಾರಿಗಳಿಗೆ ಒಂದೊಂದಾಗಿ ಗೇಟ್ ಬೀಳುತ್ತಿದೆ. ಮಾಲೀಕರು ಬದಲಾದರೆ ದಾರಿಯೂ ಹೋಯಿತು ಅಂತಲೇ. ಅಲ್ಲಿ ಹೇಗೆ?

ಲಿಯಾನಿನ ಅಕ್ಕ
ಎಲ್ಲೆಂದರಲ್ಲಿ ನುಗ್ಗುವ ಹಕ್ಕು ಇಲ್ಲ. ಹಳ್ಳಿ ದಾರಿಗಳಲ್ಲಿ ಬಹಳಷ್ಟು ಊರಿನ ಪುರಸಭೆಗೆ ಸೇರಿದವು, ಎಲ್ಲರೂ ನಡೆಯಬಹುದು. ಕೆಲವು ಕಡೆ ಗುರುತಿನ ದಾರಿ ಖಾಸಗಿ ಜಮೀನಿನ ಮೇಲೆ ಹಾದುಹೋಗುತ್ತೆ, ಮಾಲೀಕ ಒಪ್ಪಿರುತ್ತಾನೆ. ಆ ಒಪ್ಪಿಗೆ ಉಳಿಯುವುದು ನಮ್ಮ ನಡತೆ ಮೇಲೆ. ಗೇಟು ತೆಗೆದರೆ ಮುಚ್ಚಿ. ಕುರಿ ಇದ್ದರೆ ದೂರದಿಂದ ಹೋಗಿ. ದಾರಿ ಬಿಟ್ಟು ಪಕ್ಕಕ್ಕೆ ಹೋಗಬೇಡಿ.

ನಕ್ಷೆಹುಚ್ಚ
ಕಾನೂನಿನ ರಕ್ಷಣೆಯೂ ಇದೆ. 1983ರ ಕಾನೂನಿನ ಪ್ರಕಾರ ಪ್ರತಿ ಜಿಲ್ಲೆಯೂ ನಡಿಗೆ ದಾರಿಗಳ ಪಟ್ಟಿ ಮಾಡಬಹುದು. ಆ ಪಟ್ಟಿಗೆ ಸೇರಿದ ಊರದಾರಿಯನ್ನು ಮಾರಬೇಕು ಅಂದರೆ ಅದರ ಬದಲು ಇನ್ನೊಂದು ದಾರಿ ಕೊಡಲೇಬೇಕು. ಪಟ್ಟಿಗೆ ಸೇರದ ದಾರಿಗಳು ಮಾತ್ರ ಉಳುಮೆಗೆ ಸಿಕ್ಕಿ, ಮುಳ್ಳು ಬೆಳೆದು ಹೋಗಿವೆ. ಅಲ್ಲೂ ಜಗಳ ಇದೆ ಸಾರ್, ಕೋರ್ಟಿಗೂ ಹೋಗುತ್ತಾರೆ.

ಸಕಲೇಶಪುರದವ
ಬದಲಿ ದಾರಿ ಕೊಡಲೇಬೇಕು ಅನ್ನುವುದು ಒಳ್ಳೇ ಕಾನೂನು. ಇಲ್ಲಿ ಕೇಳಿದರೆ ಡ್ರೋನ್‌ನಲ್ಲಿ ಹೋಗಿ ಅಂತಾರೆ.

ಒಗ್ಗರಣೆ
ಎಲ್ಲರೂ ದಾರಿ ಬಗ್ಗೆಯೇ ಮಾತಾಡ್ತಿದ್ದೀರಿ, ಊಟ? ಆ ಸೀಮೆ ಬಾತುಕೋಳಿಯದ್ದು. ಆಲೂಗಡ್ಡೆ ಹುರಿಯುವುದೂ ಬಾತುಕೋಳಿ ಕೊಬ್ಬಿನಲ್ಲೇ. ನಾನು ಸಲಾಡ್ ತಾನೇ ಅಂತ ಧೈರ್ಯವಾಗಿ ಆ ಸೀಮೆಯ ಕೆರ್ಸಿ ಸಲಾಡ್ ಹೇಳಿದೆ. ಸೊಪ್ಪಿನ ಮೇಲೆ ಕಂದು ಬಣ್ಣದ ಚೂರುಗಳು ಬಂದವು. ಅಣಬೆ ಅಂದುಕೊಂಡು ಫೋರ್ಕ್ ಚುಚ್ಚಿದಾಗ ರಬ್ಬರಿನ ಹಾಗೆ ಪುಟಿಯಿತು. ಕೇಳಿದರೆ ಬಾತಿನ ಹೊಟ್ಟೆಯ ಗಟ್ಟಿ ಮಾಂಸ ಅಂತೆ! ಪಕ್ಕದ ಟೇಬಲ್ಲಿನವರು ನನ್ನ ಮುಖ ನೋಡಿ ನಗುತ್ತಿದ್ದರು.

ಬುದ್ಧಿವಂತರು ಮಾಡುವುದು ಹೀಗೆ: ಬೆಳಿಗ್ಗೆ ಬೇಕರಿಯಲ್ಲಿ ಬ್ರೆಡ್ಡು, ಸಂತೆಯಲ್ಲಿ ಟೊಮೇಟೊ, ಜೂನ್ ಆದ್ದರಿಂದ ಚೆರ್ರಿ, ಮನೆಯಿಂದ ಚಟ್ನಿಪುಡಿ. ದಾರಿಯಲ್ಲಿ ಎಲ್ಲಾದರೂ ಕೂತು ತಿನ್ನುವುದು. ರಾತ್ರಿ ಉಳಿಯುವ ಮನೆಯಲ್ಲಿ ಅಡುಗೆಮನೆ ಇದೆಯಾ ನೋಡಿಕೊಳ್ಳಿ. ರೆಸ್ಟೋರೆಂಟ್‌ಗಳು ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಮಾತ್ರ. ಎರಡೂಕಾಲಿಗೆ ಹೋದರೆ ನೀರೂ ಸಿಗಲ್ಲ. ಸೋಮವಾರ ಬೇಕರಿ ಮುಚ್ಚಿರುವ ಹಳ್ಳಿಗಳು ತುಂಬಾ.

ಲಿಯಾನಿನ ಅಕ್ಕ
ಅದೇ ಜಿಲ್ಲೆಯ ರೊಕಮಡೂರ್ ಊರಿನ ಆಡಿನ ಚೀಸ್ ತಿನ್ನಿ. ಅಂಗೈಗಿಂತ ಚಿಕ್ಕ ಬಿಲ್ಲೆ, ಬ್ರೆಡ್ ಮೇಲೆ ಬಿಸಿ ಮಾಡಿ ಕೊಡುತ್ತಾರೆ.

ಶುದ್ಧ ಸಸ್ಯಾಹಾರಿ
ಚೀಸ್ ಅಂತೀರಲ್ಲ, ಹಾಲು ಗಟ್ಟಿ ಮಾಡಲು ಹಾಕುವ ರೆನೆಟ್ ಎಲ್ಲಿಂದ ಬರುತ್ತೆ ಗೊತ್ತಾ? ಇಲ್ಲಿನ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಹೆಚ್ಚಿನವಕ್ಕೆ ಕರುವಿನ ಹೊಟ್ಟೆಯದ್ದು. ಅಮ್ಮನಿಗೆ ಹೇಳಿ ಕೊಡಿ, ಹೇಳದೆ ಕೊಡಬೇಡಿ.

ಬರೀ ಓದುಗ
ಇವರು ಬಂದರು. ಇನ್ನು ಥ್ರೆಡ್ಡು ಮುಗಿದ ಹಾಗೆ.

ಶುದ್ಧ ಸಸ್ಯಾಹಾರಿ
ಸತ್ಯ ಹೇಳಿದರೆ ಥ್ರೆಡ್ಡು ಮುಗಿಯುವುದಾದರೆ ಮುಗಿಯಲಿ ಬಿಡಿ.

ತೂಲೂಸ್‌ವಾಸಿ
ಅಯ್ಯೋ ಜಗಳ ಬೇಡ 🙏 ಅಮ್ಮ ಚೀಸ್ ಮುಟ್ಟಲ್ಲ, ಅವರಿಗೆ ಮೊಸರು ಸಾಕು. ಹೊಳೆದಂಡೆ ಅವರೇ, ಆ ಕಡಿದ ದಾರಿ ಪಕ್ಕಾ ಮಾಡುತ್ತೇವೆ. ಬಸ್ಸಿನ ವಿಷಯ? ಮತ್ತೆ ನೀರಿನದ್ದು? ಅಪ್ಪ ಜಾಸ್ತಿ ನೀರು ಹೊರುವುದಿಲ್ಲ, ದಾರಿಯಲ್ಲಿ ಸಿಗುತ್ತೆ ಅಂತಾರೆ.

ಹೊಳೆದಂಡೆ
ತೂಲೂಸ್‌ನಿಂದ ಕಾಓರ್‌ಗೆ ರೈಲು. ಅದು ಪ್ಯಾರಿಸ್-ತೂಲೂಸ್ ಹಳೆಯ ಲೈನು. ಕಾಓರ್‌ನಿಂದ ಫಿಜಾಕ್ ಕಡೆ ಹೋಗುವ ಬಸ್ಸು ಲಾಟ್ ಕಣಿವೆಯಲ್ಲೇ ಹೋಗುತ್ತೆ, ತೂರ್-ದ-ಫೋರ್‌ನಲ್ಲಿ ಇಳಿಯಿರಿ. ಅಲ್ಲಿಂದ ಸೇತುವೆ ದಾಟಿ ಸ್ಯಾಂ-ಸಿರ್‌ಗೆ ಹತ್ತಬೇಕು, ಎರಡು ಕಿ.ಮೀ. ಮೇಲಾಗುತ್ತೆ, ಏರು ಚೆನ್ನಾಗಿಯೇ ಇದೆ. ಸಾಮಾನು ಇದ್ದರೆ ಉಳಿಯುವ ಮನೆಯವರಿಗೆ ಮೊದಲೇ ಹೇಳಿ, ಕೆಳಗೆ ಬಂದು ಕರ್ಕೊಂಡು ಹೋಗುತ್ತಾರಾ ಅಂತ ಕೇಳಿ. ಭಾನುವಾರ ಬಸ್ಸು ಕಡಿಮೆ, ಆ ದಿನ ಪ್ರಯಾಣ ಇಟ್ಟುಕೊಳ್ಳಬೇಡಿ.

ಕಾಓರ್‌ನಲ್ಲಿ ಬಸ್ಸಿಗೆ ಹೊತ್ತಿದ್ದರೆ ವಾಲಾಂತ್ರೆ ಸೇತುವೆ ನೋಡಿ, ಸ್ಟೇಷನ್ನಿನಿಂದ ಹತ್ತಿರ. 14ನೇ ಶತಮಾನದ್ದು, ಮೂರು ಗೋಪುರ. ಮೇಸ್ತ್ರಿ ದೆವ್ವದ ಜೊತೆ ಒಪ್ಪಂದ ಮಾಡಿಕೊಂಡು ಮೋಸ ಮಾಡಿದ, ಸಿಟ್ಟಿಗೆ ದೆವ್ವ ಗೋಪುರದ ಒಂದು ಕಲ್ಲು ದಿನಾ ಕಿತ್ತುಹಾಕುತ್ತಿತ್ತು ಅಂತ ಕತೆ. 1879ರ ರಿಪೇರಿಯಲ್ಲಿ ಆ ಮೂಲೆಗೆ ದೆವ್ವದ ಗೊಂಬೆಯನ್ನೇ ಕೆತ್ತಿ ಕೂರಿಸಿದ್ದಾರೆ.

ಚಾರಣಪ್ರಿಯ
ಅಮ್ಮನ ಮಂಡಿ ನೋವಿಗೆ ಬಸ್ಸು, ಏರು, ಸಾಮಾನು! ಕಾಓರ್‌ನಲ್ಲಿ ಬಾಡಿಗೆ ಕಾರು ತಗೊಳ್ಳಿ ಸಾರ್, ಎಲ್ಲ ಸಮಸ್ಯೆ ಮುಗಿಯಿತು.

ಹೊಳೆದಂಡೆ
ಕಾರಿದ್ದರೆ ಕಾರು ಇಟ್ಟ ಕಡೆಗೇ ವಾಪಸ್ ಬರಬೇಕು. ಅಪ್ಪ ನದಿ ದಾರಿಯಲ್ಲಿ ನಡೆದು ಮೇಲೆ ಹತ್ತಿ ಅಲ್ಲೇ ಉಳಿಯುವ ಸುಖ ಹೋಯಿತು. ಬೂಝಿಯೆಸ್‌ಗೆ ಒಂದು ಟ್ಯಾಕ್ಸಿ ಮಾಡಿದರೆ ಸಾಕು.

ಚಾರಣಪ್ರಿಯ
ಹಳ್ಳಿಯಲ್ಲಿ ಟ್ಯಾಕ್ಸಿ ಹಿಡಿದು ತೋರಿಸಿ ನೋಡೋಣ.

ಲಿಯಾನಿನ ಅಕ್ಕ
ಹಿಂದಿನ ದಿನ ಫೋನ್ ಮಾಡಿದರೆ ಬರುತ್ತೆ. ಬೀದಿಯಲ್ಲಿ ಕೈ ಅಡ್ಡ ಹಿಡಿದರೆ ಬರಲ್ಲ, ಅಷ್ಟೇ.

ನೀರಿನ ವಿಷಯ ಅಪ್ಪನಿಗೆ ಗಟ್ಟಿಯಾಗಿ ಹೇಳಿ. ನದಿ ಪಕ್ಕ ಎಷ್ಟು ಹಸಿರೋ ಮೇಲಿನ ಬಯಲು ಅಷ್ಟೇ ಒಣ. ಸುಣ್ಣಕಲ್ಲಿನ ನೆಲ, ಮಳೆ ಬಿದ್ದದ್ದೆಲ್ಲ ಬಿರುಕಿನಲ್ಲಿ ಇಳಿದು ಹೋಗುತ್ತೆ. ಹಳ್ಳ-ತೊರೆ ಸಿಗುವುದಿಲ್ಲ. ಕುಳ್ಳ ಓಕ್ ಮರ, ಮುಳ್ಳು, ಕಲ್ಲುಗೋಡೆ. ಜೂನ್ ಬಿಸಿಲಿಗೆ ತಲಾ ಒಂದೂವರೆ ಲೀಟರ್ ಆದರೂ ಬೇಕು. ಖಾಲಿಯಾದರೆ ಹಳ್ಳಿಯ ಸ್ಮಶಾನಕ್ಕೆ ಹೋಗಿ, ಹೂವಿನ ಗಿಡಕ್ಕೆ ಹಾಕಲು ಅಲ್ಲಿ ನಲ್ಲಿ ಇರುತ್ತೆ. ಕುಡಿಯಬೇಡಿ ಅನ್ನುವ ಬೋರ್ಡ್ ಇಲ್ಲದಿದ್ದರೆ ನಡೆಯುವವರೆಲ್ಲ ಅಲ್ಲೇ ಬಾಟಲಿ ತುಂಬಿಸುತ್ತಾರೆ.

ಒಗ್ಗರಣೆ
ಸ್ಮಶಾನದ ನೀರು! ಅಮ್ಮ ಅಲ್ಲಿಂದಲೇ ತುಮಕೂರಿಗೆ ಹೊರಡುತ್ತಾರೆ 😂

ಲಿಯಾನಿನ ಅಕ್ಕ
ನಲ್ಲಿ ಊರ ಲೈನಿನದ್ದೇ ಮಾರಾಯ್ತಿ. ಅಮ್ಮನಿಗೆ ಚರ್ಚ್ ಪಕ್ಕದ ನಲ್ಲಿ ಅಂತ ಹೇಳಿದರೆ ಆಯಿತು, ಅದೂ ನಿಜವೇ ಆಗಿರುತ್ತೆ ಎಷ್ಟೋ ಸಲ.

ಕುಂದಾಪ್ರದ ಮಾಣಿ
ಅಲ್ಲಿ ಉಂಬಳ ಇದೆಯಾ?

ನಕ್ಷೆಹುಚ್ಚ
ಉಂಬಳ ಇಲ್ಲ, ಉಣ್ಣಿ ಇದೆ. ಉಂಬಳವೇ ಎಷ್ಟೋ ಮೇಲು, ಕುಡಿದು ತಾನೇ ಬೀಳುತ್ತೆ. ಉಣ್ಣಿ ಕಚ್ಚಿದರೆ ದಿನಗಟ್ಟಲೆ ಬಿಡುವುದಿಲ್ಲ, ಲೈಮ್ ಕಾಯಿಲೆ ಹರಡಬಹುದು. ಉದ್ದ ಪ್ಯಾಂಟು ಹಾಕಿ. ಸಂಜೆ ಮಂಡಿ ಹಿಂದೆ, ಕಂಕುಳು, ಸೊಂಟದ ಪಟ್ಟಿ ನೋಡಿಕೊಳ್ಳಿ. ಕೀಳಲು ಸಣ್ಣ ಪ್ಲಾಸ್ಟಿಕ್ ಕೊಕ್ಕೆ ಔಷಧಿ ಅಂಗಡಿಯಲ್ಲಿ ಸಿಗುತ್ತೆ. ಎಣ್ಣೆ, ಸುಣ್ಣ ಹಚ್ಚುವ ನಮ್ಮ ಪ್ರಯೋಗ ಬೇಡ. ಕಚ್ಚಿದ ಕಡೆ ಕೆಂಪು ಉಂಗುರ ಹರಡುತ್ತಾ ಹೋದರೆ ಡಾಕ್ಟರ್ ಹತ್ತಿರ ಹೋಗಿ.

ಬರೀ ಓದುಗ
ಬೇಟೆಗಾರರ ಬಗ್ಗೆ ಯಾರೂ ಹೇಳಲಿಲ್ಲ. ಗುಂಡು ಬಿದ್ದೀತು.

ಹೊಳೆದಂಡೆ
ಮುಖ್ಯ ಬೇಟೆ ಕಾಲ ಸೆಪ್ಟೆಂಬರ್‌ನಿಂದ ಫೆಬ್ರವರಿ ಕೊನೆವರೆಗೆ. ಆಗ ಗುಂಪು ಕಟ್ಟಿ ಕಾಡುಹಂದಿ ಅಟ್ಟುತ್ತಾರೆ, ದಾರಿಯಲ್ಲಿ ಬೋರ್ಡ್ ಇಟ್ಟಿರುತ್ತಾರೆ. ಜೂನ್ 1ರಿಂದ ಅನುಮತಿ ಇದ್ದವರು ಹಂದಿ, ಚಿಕ್ಕ ಜಿಂಕೆ ಹೊಡೆಯಬಹುದು. ಬೋರ್ಡ್ ಕಂಡರೆ ವಾಪಸ್ ತಿರುಗಿ. ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆ ಹಾಕಿದರೆ ಒಳ್ಳೇದು. ಏನಾದರೂ ಆದರೆ 112.

ಸಕಲೇಶಪುರದವ
ಅಪ್ಪನ ಹಳೇ ಕಾಕಿ ಪ್ಯಾಂಟು ಬೇಡ ಅಂತಾಯಿತು.

ತೂಲೂಸ್‌ವಾಸಿ
ಎಲ್ಲರಿಗೂ ಧನ್ಯವಾದ. ಮೊದಲ ದಿನ ನದಿ ದಾರಿ. ಎರಡನೇ ದಿನಕ್ಕೆ? ಅಮ್ಮ ಮನೆಯಲ್ಲಿ ಒಬ್ಬರೇ ಕೂರುವ ಹಾಗಾಗಬಾರದು.

ಲಿಯಾನಿನ ಅಕ್ಕ
ಕಾಬ್ರೆರೆಯ ಪೆಶ್ ಮೆರ್ಲ್ ಗುಹೆ. 1922ರಲ್ಲಿ ಆ ಊರಿನ ಇಬ್ಬರು ಹುಡುಗರು ತೆವಳಿಕೊಂಡು ಒಳಗೆ ಹೋಗಿ ಕಂಡುಹಿಡಿದದ್ದು. ಚುಕ್ಕೆ ಚುಕ್ಕೆಯ ಎರಡು ಕುದುರೆಗಳ ಚಿತ್ರ ಇದೆ, ಸುಮಾರು 29,000 ವರ್ಷ ಹಳೆಯದು. ಬಂಡೆಯ ಅಂಚೇ ಕುದುರೆ ತಲೆಯ ಆಕಾರದಲ್ಲಿದೆ, ಬರೆದವರು ಅದನ್ನು ನೋಡಿಯೇ ಆ ಜಾಗ ಆರಿಸಿದರೇನೋ ಅನ್ನಿಸುತ್ತೆ. ಸುತ್ತ ಕೈಯಿಟ್ಟು ಬಣ್ಣ ಊದಿದ ಅಚ್ಚುಗಳು. ಇದು ನಕಲು ಅಲ್ಲ, ನಿಜವಾದ ಗುಹೆ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಮೊದಲೇ ಬುಕ್ ಮಾಡಿ. ಒಳಗೆ ಸುಮಾರು 12 ಡಿಗ್ರಿ, ಅಮ್ಮನಿಗೆ ಸ್ವೆಟರ್ ಇರಲಿ. ಒಳಗೆ ಮೆಟ್ಟಿಲುಗಳಿವೆ, ನಿಧಾನಕ್ಕೆ ಇಳಿಯಲಿ.

ಅಮ್ಮ ಟ್ಯಾಕ್ಸಿಯಲ್ಲಿ ಗುಹೆಗೆ. ನೀವು ಅಪ್ಪ ಇಬ್ಬರೂ ಬೂಝಿಯೆಸ್‌ನಿಂದ ಜಿಆರ್ 651 ಹಿಡಿದು ನಡೆದು ಬನ್ನಿ. ಅಲ್ಲೇ ಸೇರಿಕೊಳ್ಳಿ.

ನಕ್ಷೆಹುಚ್ಚ
ಆ ದಾರಿಯಲ್ಲಿ ಕಲ್ಲು ಉರುಳುತ್ತೆ. ಅಪ್ಪ ಕೆರೆ ಏರಿಯ ಕ್ಯಾನ್ವಾಸ್ ಶೂನಲ್ಲೇ ಬರ್ತೀನಿ ಅಂದರೆ ಬಿಡಬೇಡಿ, ಹಿಡಿತ ಇರುವ ಶೂ ಬೇಕು. ಕೋಲು ಒಂದಿದ್ದರೆ ಇಳಿಯುವಾಗ ಅನುಕೂಲ. ಮೇಲಿನ ಬಯಲಲ್ಲಿ ಕಲ್ಲಿನ ದುಂಡು ಗುಡಿಸಲು ಕಾಣುತ್ತವೆ. ಗಾರೆ ಇಲ್ಲದೆ ಚಪ್ಪಡಿ ಮೇಲೆ ಚಪ್ಪಡಿ ಒಳಕ್ಕೆ ಸರಿಸುತ್ತಾ ಹೋಗಿ ಸೂರು ಮುಚ್ಚಿರುತ್ತಾರೆ. ಕುರುಬರು, ರೈತರು ಮಳೆಗೆ ನಿಲ್ಲುತ್ತಿದ್ದ ಜಾಗ. ಒಳಗೆ ಹೋಗಿ ತಲೆಯೆತ್ತಿ ನೋಡಿ, ಆದರೆ ಮೇಲೆ ಹತ್ತಬೇಡಿ.

ಒಗ್ಗರಣೆ
ಎದುರು ಯಾರೇ ಬಂದರೂ "ಬೊಂಜೂರ್" ಅನ್ನಬೇಕು ಅಂತ ಅಪ್ಪನಿಗೆ ಹೇಳಿಕೊಡಿ. ತೂಲೂಸ್ ಬೀದಿಯಲ್ಲಿ ಬೇಕಿಲ್ಲ, ಹಳ್ಳಿ ದಾರಿಯಲ್ಲಿ ಬಿಟ್ಟರೆ ಒರಟು ಅಂದುಕೊಳ್ಳುತ್ತಾರೆ. ಮತ್ತೆ ಬೇಲಿ ಪಕ್ಕದ ಚೆರ್ರಿ ಕೀಳುವುದು ಬೇಡ. ನಮ್ಮ ಮಾವ ಕೈ ಚಾಚಿದ್ದೇ ತಡ, ಮನೆಯಾಕೆ ಹೊರಗೆ ಬಂದಳು. ಬೈಯಲಿಲ್ಲ, ಒಂದು ಬಟ್ಟಲು ತುಂಬ ತಂದು ಕೊಟ್ಟಳು. ನಾಚಿಕೆಗೆ ಮಾವ ಆ ದಾರಿಯಲ್ಲೇ ವಾಪಸ್ ಬರಲು ಒಪ್ಪಲಿಲ್ಲ.

ಚಾರಣಪ್ರಿಯ
ಎರಡು ರಾತ್ರಿ ಇದ್ದೀರಲ್ಲ, ರೊಕಮಡೂರ್ ಕೂಡ ಮುಗಿಸಿಬಿಡಿ. ಬಸ್ಸು ಇದೆಯಾ ಅಲ್ಲಿಂದ?

ಲಿಯಾನಿನ ಅಕ್ಕ
ಬೇರೆ ಥ್ರೆಡ್ ತೆಗೀರಿ. ಮತ್ತೆ "ಮುಗಿಸಿಬಿಡಿ" ಅನ್ನೋದು ಬಿಡಿ, ಅವರಪ್ಪ ನಡೆಯೋಕೆ ಬರ್ತಿರೋದು.